ಅದೇ ಕುದುರೆ, ಅದೇ ಕಣಿವೆ, ಬೇರೆ ಅಂತ್ಯ

1957ರಲ್ಲಿ ಡೆಲ್ಮರ್ ಡೇವ್ಸ್ ನಿರ್ದೇಶಿಸಿದ ‘ತ್ರೀ ಟೆನ್ ಟು ಯೂಮಾ’ ಮಳೆಯೊಂದಿಗೆ ಮುಗಿಯುತ್ತದೆ. ಬರಗಾಲಕ್ಕೆ ಸಿಕ್ಕಿ ನಲುಗಿದ ಅರಿಝೋನಾದ ದನಗಾರ ಡ್ಯಾನ್ ಇವಾನ್ಸ್ 200 ಡಾಲರಿನ ಆಸೆಗೆ ಒಂದು ಕೆಲಸ ಒಪ್ಪಿಕೊಂಡಿರುತ್ತಾನೆ: ಬೆನ್ ವೇಡ್ ಎಂಬ ದರೋಡೆಕೋರನನ್ನು ಯೂಮಾ ಜೈಲಿಗೆ ಹೋಗುವ ರೈಲಿಗೆ ಹತ್ತಿಸುವುದು. ಕೊನೆಗೆ ಕಾವಲಿನವನೂ ಕಳ್ಳನೂ ಒಟ್ಟಿಗೇ ಚಲಿಸುವ ರೈಲಿಗೆ ನೆಗೆಯುತ್ತಾರೆ. ಹಳಿಯ ಪಕ್ಕದಲ್ಲಿ ಹೆಂಡತಿ ಕಾಣುತ್ತಾಳೆ, ಹನಿ ಬೀಳತೊಡಗುತ್ತದೆ. 2007ರಲ್ಲಿ ಜೇಮ್ಸ್ ಮ್ಯಾಂಗೋಲ್ಡ್ ಅದೇ ಕಥೆಯನ್ನು ಮತ್ತೆ ತೆರೆಗೆ ತಂದಾಗ ಮಳೆಯೂ ಇಲ್ಲ, ಹೆಂಡತಿಯೂ ಇಲ್ಲ. ಇವಾನ್ಸ್ ರೈಲಿನ ಪಕ್ಕದಲ್ಲೇ ಗುಂಡೇಟು ತಿಂದು ಸಾಯುತ್ತಾನೆ. ಹದಿಹರೆಯದ ಮಗ ಅದನ್ನು ಕಣ್ಣಾರೆ ನೋಡುತ್ತಾನೆ.

ಹಾಲಿವುಡ್ಡಿನ ಕೌಬಾಯ್ ಚಿತ್ರಗಳ ರೀಮೇಕ್ ಇತಿಹಾಸವನ್ನು ಹೀಗೆ ಕೊನೆಯ ಹತ್ತು ನಿಮಿಷಗಳಿಂದಲೇ ಬರೆಯಬಹುದು. ಕುದುರೆ, ಬಂದೂಕು, ಒಣಗಿದ ಊರು, ಸಾಲ ತೀರಿಸಲಾಗದ ರೈತ ಇವೆಲ್ಲ ಇದ್ದಲ್ಲೇ ಇರುತ್ತವೆ. ಯಾರು ಬದುಕಬೇಕು, ಯಾರು ಸಾಯಬೇಕು, ಸೇಡು ಯಾರ ಕೈಯಿಂದ ತೀರಬೇಕು ಎಂಬ ಲೆಕ್ಕವನ್ನು ಮಾತ್ರ ಒಂದೊಂದು ಕಾಲದವರೂ ತಮಗೆ ಬೇಕಾದಂತೆ ತಿದ್ದಿಕೊಂಡಿದ್ದಾರೆ.

ತೆಗೆದದ್ದನ್ನೇ ತೆಗೆಯುವ ಈ ರೂಢಿಗೆ ವೆಸ್ಟರ್ನ್ ಚಿತ್ರಗಳಷ್ಟೇ ವಯಸ್ಸಾಗಿದೆ. ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ 1903ರಲ್ಲಿ ‘ದಿ ಗ್ರೇಟ್ ಟ್ರೈನ್ ರಾಬರಿ’ ತೆಗೆದ. ಮರುವರ್ಷವೇ ಫಿಲಡೆಲ್ಫಿಯಾದ ಸೀಗ್ಮಂಡ್ ಲುಬಿನ್ ಅದೇ ಹೆಸರಿನಲ್ಲಿ ಅದರ ನಕಲನ್ನು ಮಾರುಕಟ್ಟೆಗೆ ಬಿಟ್ಟ. ಸೆಸಿಲ್ ಬಿ. ಡಿಮಿಲ್ ‘ದಿ ಸ್ಕ್ವಾ ಮ್ಯಾನ್’ ಎಂಬ ಒಂದೇ ನಾಟಕವನ್ನು 1914, 1918 ಮತ್ತು 1931ರಲ್ಲಿ ಮೂರು ಸಲ ಸಿನಿಮಾ ಮಾಡಿದ. ಓವನ್ ವಿಸ್ಟರ್ ಬರೆದ ‘ದಿ ವರ್ಜೀನಿಯನ್’ ಕಾದಂಬರಿ 1914ರಿಂದ 1946ರೊಳಗೆ ನಾಲ್ಕು ಸಲ ತೆರೆ ಕಂಡಿತು.

ಕಾರಣ ಸರಳ. ಕಥೆಯ ಹಕ್ಕನ್ನು ಒಮ್ಮೆ ಕೊಂಡ ಸ್ಟುಡಿಯೋ ಅದನ್ನು ಎಷ್ಟು ಸಲ ಬೇಕಾದರೂ ಬಳಸಿಕೊಳ್ಳಬಹುದಿತ್ತು. ಟಿವಿ ಇಲ್ಲದ ಕಾಲದಲ್ಲಿ ಹತ್ತು ವರ್ಷ ಹಳೆಯ ಚಿತ್ರವನ್ನು ಮತ್ತೆ ನೋಡುವ ದಾರಿ ಪ್ರೇಕ್ಷಕನಿಗೆ ಇರಲಿಲ್ಲ. ಮೂಕಿ ಹೋಗಿ ಟಾಕಿ ಬಂದಾಗ ಹಳೆಯ ಕಥೆಗಳೆಲ್ಲ ಮಾತು ಕಲಿತು ಹೊಸದಾಗಿ ಬಂದವು. ಅಂದಿನ ರೀಮೇಕಿಗೆ ಸಂಭ್ರಮವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ; ಅದು ದಿನನಿತ್ಯದ ಕಸುಬು.

ಆ ಕಸುಬಿನೊಳಗೇ ಅಂತ್ಯ ಬದಲಾಗುವ ಆಟವೂ ಶುರುವಾಗಿತ್ತು. ಪೀಟರ್ ಬಿ. ಕೈನ್ 1913ರಲ್ಲಿ ಬರೆದ ‘ದಿ ತ್ರೀ ಗಾಡ್‌ಫಾದರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಓಡಿಹೋಗುತ್ತಿರುವ ಮೂವರು ಕಳ್ಳರಿಗೆ ಮರುಭೂಮಿಯಲ್ಲಿ ಸಾಯುತ್ತಿರುವ ತಾಯಿಯೊಬ್ಬಳು ತನ್ನ ಹಸುಗೂಸನ್ನು ಒಪ್ಪಿಸುತ್ತಾಳೆ. ಜಾನ್ ಫೋರ್ಡ್ ಇದನ್ನು 1919ರಲ್ಲಿ ‘ಮಾರ್ಕ್ಡ್ ಮೆನ್’ ಎಂದು ತೆಗೆದ. ಆ ಚಿತ್ರ ಇಂದು ಉಳಿದಿಲ್ಲ. 1929ರಲ್ಲಿ ವಿಲಿಯಂ ವೈಲರ್ ತೆಗೆದ ‘ಹೆಲ್ಸ್ ಹೀರೋಸ್’ನಲ್ಲಿ ಕೊನೆಗೆ ಉಳಿದ ಕಳ್ಳ, ವಿಷದ ನೀರೆಂದು ಗೊತ್ತಿದ್ದೂ ಅದನ್ನು ಕುಡಿಯುತ್ತಾನೆ. ವಿಷ ಏರುವಷ್ಟರಲ್ಲಿ ಊರು ಮುಟ್ಟಿದರೆ ಸಾಕು ಎಂಬುದು ಅವನ ಎಣಿಕೆ. ಕ್ರಿಸ್‌ಮಸ್ ದಿನ ಚರ್ಚಿನೊಳಗೆ ಮಗುವನ್ನು ತಲುಪಿಸಿ ಅಲ್ಲೇ ಕುಸಿದು ಸಾಯುತ್ತಾನೆ. ಫೋರ್ಡ್ 1948ರಲ್ಲಿ ಜಾನ್ ವೇನ್‌ನನ್ನು ಹಾಕಿಕೊಂಡು ಅದೇ ಕಥೆಯನ್ನು ಬಣ್ಣದಲ್ಲಿ ತೆಗೆದಾಗ ಕಳ್ಳ ಬದುಕುತ್ತಾನೆ, ಲಘುವಾದ ಜೈಲುಶಿಕ್ಷೆ ಪಡೆಯುತ್ತಾನೆ. ಊರಿನವರೇ ಅವನನ್ನು ಪ್ರೀತಿಯಿಂದ ಬೀಳ್ಕೊಡುತ್ತಾರೆ. ಜಾನ್ ವೇನ್‌ಗೆ ವಿಷ ಕುಡಿಸಿ ಸಾಯಿಸುವ ಕಾಲ ಅದಾಗಿರಲಿಲ್ಲ.

1960ರಲ್ಲಿ ಈ ರೂಢಿ ಸಮುದ್ರ ದಾಟಿತು. ಅಕಿರಾ ಕುರೊಸಾವಾ ಅವರ 1954ರ ‘ಸೆವೆನ್ ಸಮುರಾಯ್’ ಅನ್ನು ಜಾನ್ ಸ್ಟರ್ಜಸ್ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಗಿ ಮೆಕ್ಸಿಕೋದಲ್ಲಿ ಚಿತ್ರೀಕರಿಸಿದ. ಮೆಕ್ಸಿಕೋದ ಸೆನ್ಸಾರ್ ಅಧಿಕಾರಿಗಳು ಚಿತ್ರೀಕರಣದ ಮೇಲೆ ಕಣ್ಣಿಟ್ಟಿದ್ದರು. 1954ರ ‘ವೆರಾ ಕ್ರೂಸ್’ ಚಿತ್ರ ತಮ್ಮ ಜನರನ್ನು ಹೀನಾಯವಾಗಿ ತೋರಿಸಿತ್ತೆಂಬ ಸಿಟ್ಟು ಅಲ್ಲಿ ಇನ್ನೂ ಆರಿರಲಿಲ್ಲ. ಹಾಗಾಗಿ ಚಿತ್ರದ ಬಡ ರೈತರು ಹೊಲದಲ್ಲಿ ಗೇಯುವಾಗಲೂ, ಗುಂಡಿನ ಕಾಳಗದ ನಡುವೆಯೂ ಆಗತಾನೇ ಒಗೆದು ತಂದಂಥ ಬಿಳಿ ಬಟ್ಟೆಯಲ್ಲೇ ಇರುತ್ತಾರೆ. ಅವರು ಗಡಿ ದಾಟಿ ಹೋಗುವುದೂ ಕಾವಲಿಗೆ ಜನ ಹುಡುಕಲು ಅಲ್ಲ, ಬಂದೂಕು ಕೊಳ್ಳಲು. ಬಂದೂಕಿಗಿಂತ ಆಳು ಅಗ್ಗ ಎಂದು ಅವರಿಗೆ ಹೇಳಿಕೊಡುವವನು ಯೂಲ್ ಬ್ರಿನ್ನರ್‌ನ ಪಾತ್ರ. ಮೆಕ್ಸಿಕೋದ ರೈತ ತಾನಾಗಿ ಅಮೆರಿಕನ್ನರ ಮುಂದೆ ಕೈಯೊಡ್ಡಿದ ಎಂದು ಯಾರೂ ಅನ್ನದಂತೆ ಕಥೆ ತಿರುಗಿದ್ದು ಹೀಗೆ.

ಅಂತ್ಯದಲ್ಲಿ ಇನ್ನೂ ದೊಡ್ಡ ಬದಲಾವಣೆ ಇದೆ. ಎರಡೂ ಚಿತ್ರಗಳಲ್ಲಿ ಏಳು ಮಂದಿಯಲ್ಲಿ ಉಳಿಯುವವರು ಮೂವರು. ಗೆದ್ದವರು ರೈತರು, ನಾವಲ್ಲ ಎಂದು ಮುಖಂಡ ಅಂದುಕೊಳ್ಳುವುದೂ ಎರಡರಲ್ಲೂ ಇದೆ. ಆದರೆ ಕುರೊಸಾವಾ ಅವರ ಕಿರಿಯ ಸಮುರಾಯ್ ಪ್ರೀತಿಸಿದ ರೈತ ಹುಡುಗಿ, ಕಡೆಯಲ್ಲಿ ಅವನನ್ನು ದಾಟಿಕೊಂಡು ನಾಟಿ ಗದ್ದೆಗೆ ಇಳಿಯುತ್ತಾಳೆ. ಯೋಧನಿಗೂ ರೈತಳಿಗೂ ನಡುವೆ ಹುಟ್ಟಿನ ಗೋಡೆ ಇದೆ. ಸ್ಟರ್ಜಸ್ ಚಿತ್ರದ ಕಿರಿಯ ಬಂದೂಕುಗಾರ ಚಿಕೋ ತಾನೇ ರೈತನ ಮಗ. ಅವನು ಸೊಂಟಪಟ್ಟಿ ಬಿಚ್ಚಿಟ್ಟು ಹುಡುಗಿಯ ಊರಿನಲ್ಲೇ ನಿಲ್ಲುತ್ತಾನೆ. ಜಪಾನಿನಲ್ಲಿ ದಾಟಲಾಗದ ಗೋಡೆಯನ್ನು ಹಾಲಿವುಡ್ ಒಂದು ಮದುವೆಯ ಸೂಚನೆಯಲ್ಲಿ ಕೆಡವಿಬಿಟ್ಟಿತು.

ಸ್ಟರ್ಜಸ್ ಚಿತ್ರ ಮೂಲದ ಋಣವನ್ನು ಒಪ್ಪಿಕೊಂಡಿತ್ತು. ಸರ್ಜಿಯೋ ಲಿಯೋನೆ ಒಪ್ಪಿಕೊಳ್ಳಲಿಲ್ಲ. ಕುರೊಸಾವಾ ಅವರ 1961ರ ‘ಯೋಜಿಂಬೋ’ವನ್ನು ಆತ 1964ರಲ್ಲಿ ಸ್ಪೇನಿನ ಬಯಲುಗಳಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದ. ಜಪಾನಿನ ತೋಹೊ ಕಂಪನಿ ದಾವೆ ಹೂಡಿತು, ಪ್ರಕರಣ ರಾಜಿಯಲ್ಲಿ ಮುಗಿಯಿತು. ಚಿತ್ರ ಅಮೆರಿಕದ ತೆರೆಗೆ ಬಂದಾಗ 1967. ಅಷ್ಟರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಯುರೋಪಿನಲ್ಲಿ ತಾರೆಯಾಗಿದ್ದ.

1980ರಲ್ಲಿ ಮೈಕೆಲ್ ಚಿಮಿನೋನ ‘ಹೆವನ್ಸ್ ಗೇಟ್’ ಸುಮಾರು 4.4 ಕೋಟಿ ಡಾಲರ್ ನುಂಗಿ ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿತು. ಮರುವರ್ಷ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯೇ ಎಂಜಿಎಂ ಪಾಲಾಯಿತು. ಕುದುರೆಯ ಚಿತ್ರ ಎಂದರೆ ಹಣ ಹಾಕುವವರು ಬಾಗಿಲು ಹಾಕಿಕೊಳ್ಳುವ ಕಾಲ ಬಂತು. 1990ರ ‘ಡಾನ್ಸಸ್ ವಿತ್ ವುಲ್ವ್ಸ್’, 1992ರ ‘ಅನ್‌ಫರ್ಗಿವನ್’ ಆಸ್ಕರ್ ಗೆದ್ದರೂ ಹಳೆಯ ಸಂತೆ ಮತ್ತೆ ಕೂಡಲಿಲ್ಲ. ಇಂಥ ಕಾಲದಲ್ಲಿ ಜನರಿಗೆ ಪರಿಚಯವಿದ್ದ ಹೆಸರಿಗೆ ಬೆಲೆ ಬಂತು. ಹಿಂದೆ ಅಗ್ಗದ ಕೆಲಸವಾಗಿದ್ದ ರೀಮೇಕ್, ದೊಡ್ಡ ತಾರೆಯರ ದೊಡ್ಡ ಚಿತ್ರವಾಗಿ ಮರಳಿತು.

‘ಯೂಮಾ’ದ ಬೇರು ಎಲ್ಮೋರ್ ಲಿಯೊನಾರ್ಡ್ 1953ರಲ್ಲಿ ‘ಡೈಮ್ ವೆಸ್ಟರ್ನ್’ ಎಂಬ ಅಗ್ಗದ ಪತ್ರಿಕೆಗೆ ಬರೆದ ಸಣ್ಣಕಥೆ. ಪದಕ್ಕೆ ಎರಡು ಸೆಂಟಿನಂತೆ ಅವನಿಗೆ ಸಿಕ್ಕ ಸಂಭಾವನೆ 90 ಡಾಲರ್. ಆ ಕಥೆಯಲ್ಲಿ ರೈತನೇ ಇಲ್ಲ; ಇರುವುದು ಸಂಬಳದ ಡೆಪ್ಯುಟಿ ಮಾರ್ಷಲ್ ಮತ್ತು ಅವನ ಕೈದಿ. ಸಾಲದಲ್ಲಿ ಮುಳುಗಿದ ರೈತ ಬಂದದ್ದು 1957ರ ಚಿತ್ರದಲ್ಲಿ. ಅದರ ಜೀವ ಇರುವುದು ಕಾಂಟೆನ್ಷನ್ ಊರಿನ ಹೋಟೆಲ್ ಕೋಣೆಯಲ್ಲಿ. ಮಂಚದ ಮೇಲೆ ಕೈಕೋಳ ತೊಟ್ಟ ಕಳ್ಳ, ಎದುರಿಗೆ ಕೋವಿ ಹಿಡಿದು ಬೆವರುವ ರೈತ. ಕಳ್ಳ ಮೆಲುದನಿಯಲ್ಲಿ ತನ್ನ ಬಿಡುಗಡೆಯ ಬೆಲೆ ಏರಿಸುತ್ತಲೇ ಹೋಗುತ್ತಾನೆ. ಗಡಿಯಾರ ಮೂರರ ಕಡೆ ಸರಿಯುತ್ತದೆ. ಕೆಲಸಕ್ಕೆ ಕರೆದವನೇ ಬಂದು ಇನ್ನು ಬಿಟ್ಟುಬಿಡು ಎಂದರೂ ರೈತ ಬಿಡುವುದಿಲ್ಲ.

ಮ್ಯಾಂಗೋಲ್ಡ್ ಈ ರೈತನಿಗೆ ಅಂತರ್ಯುದ್ಧದಲ್ಲಿ ತುಂಡಾದ ಕಾಲನ್ನು ಕೊಟ್ಟ. ಕ್ರಿಶ್ಚಿಯನ್ ಬೇಲ್ ಅಭಿನಯದ ಈ ಇವಾನ್ಸ್ ಕೊನೆಯಲ್ಲಷ್ಟೇ ಗುಟ್ಟು ಬಿಚ್ಚುತ್ತಾನೆ: ಕಾಲು ಹೋದದ್ದು ಶೌರ್ಯದಲ್ಲಲ್ಲ, ಹಿಮ್ಮೆಟ್ಟುವಾಗ ತನ್ನವನದೇ ಗುಂಡು ತಗುಲಿ. ಮಕ್ಕಳಿಗೆ ಹೇಳಿಕೊಳ್ಳಲು ಅವನಿಗೊಂದು ಕಥೆ ಬೇಕಾಗಿದೆ. ರಸೆಲ್ ಕ್ರೋ ಅಭಿನಯದ ವೇಡ್ ಅದನ್ನು ಕೇಳಿದ ಮೇಲೆ ಅವನ ಜೊತೆ ರೈಲಿನತ್ತ ಓಡುತ್ತಾನೆ, ಇವಾನ್ಸ್ ಸತ್ತ ಮೇಲೆ ತನ್ನದೇ ತಂಡವನ್ನು ಗುಂಡಿಟ್ಟು ಕೆಡವಿ ತಾನಾಗಿ ರೈಲು ಹತ್ತುತ್ತಾನೆ. ಅಮೆರಿಕದ ಸೈನಿಕರು ಇರಾಕಿನಲ್ಲಿದ್ದ ವರ್ಷವದು. ಮನೆಗೆ ಮರಳಿದ ಸೈನಿಕನ ಬದುಕು ಮಳೆಯಿಂದ ಸರಿಹೋಗುತ್ತದೆ ಎಂದು ತೋರಿಸಲು ಮ್ಯಾಂಗೋಲ್ಡ್ ಒಪ್ಪಲಿಲ್ಲ.

ಕೋಯೆನ್ ಸಹೋದರರ 2010ರ ‘ಟ್ರೂ ಗ್ರಿಟ್’ ಹಿಡಿದ ದಾರಿ ಬೇರೆ. ಅವರು 1969ರ ಚಿತ್ರವನ್ನು ಬದಿಗಿಟ್ಟು ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಬರೆದ ಕಾದಂಬರಿಗೆ ಮರಳಿದರು. ತಂದೆಯನ್ನು ಕೊಂದವನ ಬೆನ್ನುಹತ್ತಲು 14ರ ಹುಡುಗಿ ಮ್ಯಾಟಿ, ಒಕ್ಕಣ್ಣಿನ ಕುಡುಕ ಮಾರ್ಷಲ್ ರೂಸ್ಟರ್ ಕಾಗ್‌ಬರ್ನ್‌ನನ್ನು ಕೂಲಿಗೆ ಹಿಡಿಯುವ ಕಥೆ ಇದು. ಜಾನ್ ವೇನ್‌ಗೆ ಬದುಕಿನ ಏಕೈಕ ಆಸ್ಕರ್ ತಂದುಕೊಟ್ಟ ಹಳೆಯ ಚಿತ್ರದಲ್ಲಿ ಮ್ಯಾಟಿಯಾಗಿ ನಟಿಸಿದ ಕಿಮ್ ಡಾರ್ಬಿಗೆ ಆಗ ಇಪ್ಪತ್ತು ದಾಟಿತ್ತು. ಹೊಸದರಲ್ಲಿ ಹೇಲಿ ಸ್ಟೈನ್‌ಫೆಲ್ಡ್ ನಿಜಕ್ಕೂ 13ರ ಬಾಲೆ.

ವೇನ್ ಚಿತ್ರದ ಕೊನೆಯಲ್ಲಿ ಮ್ಯಾಟಿ ತನ್ನ ಮನೆತನದ ಸ್ಮಶಾನದಲ್ಲಿ ರೂಸ್ಟರ್‌ಗೆ ಜಾಗ ತೋರಿಸುತ್ತಾಳೆ. ಅವನು ನಕ್ಕು, ಕುದುರೆಯನ್ನು ಬೇಲಿ ಹಾರಿಸಿಕೊಂಡು ಹೊರಟುಹೋಗುತ್ತಾನೆ. ಕಾದಂಬರಿಯಲ್ಲಿ ಹಾಗಿಲ್ಲ, ಕೋಯೆನ್ ಚಿತ್ರದಲ್ಲೂ ಹಾಗಿಲ್ಲ. ಹಾವು ಕಚ್ಚಿದ ಹುಡುಗಿಯನ್ನು ಹೊತ್ತು ರೂಸ್ಟರ್ ರಾತ್ರಿಯೆಲ್ಲ ಸವಾರಿ ಮಾಡುತ್ತಾನೆ. ಕುದುರೆ ಬಿದ್ದು ಸತ್ತ ಮೇಲೆ ಅವಳನ್ನು ಎತ್ತಿಕೊಂಡು ಏದುಸಿರಿನಲ್ಲಿ ಓಡುತ್ತಾನೆ. ಅವಳ ಜೀವ ಉಳಿಯುತ್ತದೆ, ಒಂದು ತೋಳು ಹೋಗುತ್ತದೆ. ಕಾಲು ಶತಮಾನದ ನಂತರ ಒಂಟಿ ತೋಳಿನ, ಮದುವೆಯಾಗದ ಮ್ಯಾಟಿ ಅವನನ್ನು ಹುಡುಕಿಕೊಂಡು ಮೆಂಫಿಸ್‌ಗೆ ಬರುವಷ್ಟರಲ್ಲಿ ಅವನು ತೀರಿಕೊಂಡಿರುತ್ತಾನೆ. ಸೇಡಿಗೆ ತೆತ್ತ ಬೆಲೆಯನ್ನು 1969ರ ಚಿತ್ರ ಮರೆಮಾಚಿತ್ತು, 2010ರದು ಮುಂದಿಟ್ಟಿತು. ಚಿತ್ರ ಅಮೆರಿಕವೊಂದರಲ್ಲೇ 17 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ.

2016ರಲ್ಲಿ ಆಂಟ್ವಾನ್ ಫುಕ್ವಾ ‘ಮ್ಯಾಗ್ನಿಫಿಸೆಂಟ್ ಸೆವೆನ್’ ಅನ್ನು ಮತ್ತೆ ಕೈಗೆತ್ತಿಕೊಂಡಾಗ ಡಕಾಯಿತನ ಜಾಗದಲ್ಲಿ ಗಣಿ ಮಾಲೀಕ ಬಂದ. ಮುಖಂಡನಾಗಿ ಡೆಂಜೆಲ್ ವಾಷಿಂಗ್ಟನ್. ಇಲ್ಲೂ ಉಳಿಯುವವರು ಮೂವರೇ: ಒಬ್ಬ ಕಪ್ಪು ವರ್ಣೀಯ, ಒಬ್ಬ ಮೆಕ್ಸಿಕನ್, ಒಬ್ಬ ಕೊಮಾಂಚಿ ಮೂಲನಿವಾಸಿ. ಹಳೆಯ ವೆಸ್ಟರ್ನ್‌ಗಳಲ್ಲಿ ಮೊದಲು ಸಾಯಬೇಕಾಗಿದ್ದವರೇ ಇಲ್ಲಿ ಕುದುರೆ ಏರಿ ಹೊರಡುತ್ತಾರೆ. ಊರಿನ ಮಾನ ಕಾಯಲು ಬಂದ ಮುಖಂಡನಿಗೆ ತಾಯಿ, ತಂಗಿಯರ ಸಾವಿನ ಹಳೆಯ ಲೆಕ್ಕವೂ ಇತ್ತೆಂದು ಕೊನೆಯಲ್ಲಿ ತಿಳಿಯುತ್ತದೆ. ಆದರೂ ಮಾಲೀಕನಿಗೆ ಕೊನೆಯ ಗುಂಡು ಹೊಡೆಯುವವಳು ಗಂಡನನ್ನು ಕಳೆದುಕೊಂಡ ಊರಿನ ಹೆಂಗಸು.

ಋಣ ತಿರುಗಿಯೂ ಹೋಯಿತು. ಈಸ್ಟ್‌ವುಡ್‌ನ ‘ಅನ್‌ಫರ್ಗಿವನ್’ ಅನ್ನು ಲೀ ಸಾಂಗ್-ಇಲ್ 2013ರಲ್ಲಿ ಜಪಾನಿನಲ್ಲಿ ತೆಗೆದ. ಮುಖ್ಯ ಪಾತ್ರದಲ್ಲಿ ಕೆನ್ ವತಾನಬೆ, ಕಥೆ ನಡೆಯುವುದು ಐನು ಜನರ ನೆಲವಾದ ಹೊಕ್ಕೈಡೋದಲ್ಲಿ.

ಕರ್ನಾಟಕಕ್ಕೂ ಈ ಕಥೆಗೂ ನಂಟಿದೆ. ರಮೇಶ್ ಸಿಪ್ಪಿ 1973ರ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುಮಾಡಿದರು. ಅದು ಯಾವುದೇ ಒಂದು ಚಿತ್ರದ ರೀಮೇಕ್ ಅಲ್ಲ. ಆದರೆ ಊರು ಕಾಯಲು ಕೂಲಿಗೆ ಬಂದವರಲ್ಲಿ ಕುರೊಸಾವಾ, ಸ್ಟರ್ಜಸ್ ಇದ್ದಾರೆ. ಠಾಕೂರನ ಮನೆಮಂದಿಯ ಕಗ್ಗೊಲೆಯಲ್ಲಿ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಇದೆ. ಸಿಪ್ಪಿ ಮೊದಲು ತೆಗೆದ ಅಂತ್ಯದಲ್ಲಿ ಕೈಗಳಿಲ್ಲದ ಠಾಕೂರ್ ಗಬ್ಬರನನ್ನು ಕಾಲಿನಿಂದಲೇ ಮುಗಿಸುತ್ತಾನೆ. ತುರ್ತುಪರಿಸ್ಥಿತಿಯ ದಿನಗಳು, ಮಾಜಿ ಪೊಲೀಸ್ ಅಧಿಕಾರಿ ಕಾನೂನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ದೃಶ್ಯವನ್ನು ಹೊಸದಾಗಿ ತೆಗೆದು ಸೇರಿಸಿದ ಮೇಲೆಯೇ 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಐವತ್ತು ವರ್ಷಗಳ ನಂತರ, 2025ರಲ್ಲಿ, ದುರಸ್ತಿಗೊಂಡ ‘ಶೋಲೆ’ ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ ಮೂಲ ಅಂತ್ಯದೊಂದಿಗೆ ಪ್ರದರ್ಶನ ಕಂಡಿತು. ಈ ಸಲ ಠಾಕೂರನನ್ನು ತಡೆಯಲು ಪೊಲೀಸರು ಬರಲಿಲ್ಲ.