ಯಂತ್ರವಾಹನ ಮತ್ತು ಹೊಣೆಗಾರಿಕೆ: ಒಂದು ಚರಿತ್ರೆ

ಬ್ರಿಟಿಷ್ ಸಂಸತ್ತು 1865ರಲ್ಲಿ ಅಂಗೀಕರಿಸಿದ, ಮುಂದೆ 'ಕೆಂಪು ಬಾವುಟದ ಕಾಯ್ದೆ' ಎಂದೇ ಹೆಸರಾದ ಶಾಸನವು, ರಸ್ತೆಯ ಮೇಲೆ ಓಡುವ ಹಬೆಗಾಡಿಗಳ ವೇಗವನ್ನು ಊರೊಳಗೆ ಗಂಟೆಗೆ 2 ಮೈಲಿಗೂ ಊರಾಚೆ 4 ಮೈಲಿಗೂ ಮಿತಗೊಳಿಸಿದ್ದಲ್ಲದೆ, ಕೆಂಪು ಬಾವುಟ ಹಿಡಿದ ಆಳೊಬ್ಬ ಗಾಡಿಗಿಂತ 60 ಗಜ ಮುಂದೆ ನಡೆಯಬೇಕೆಂದು ವಿಧಿಸಿತು. ಇಂದಿನವರಿಗೆ ನಗೆ ತರಿಸುವ ಈ ನಿಯಮದ ಹಿಂದೆ, ದಾರಿಹೋಕರನ್ನು ಎಚ್ಚರಿಸುವ ಹೊಣೆ ಯಂತ್ರ ಓಡಿಸುವವರದೇ ಎಂಬ ಗಟ್ಟಿ ನಿಲುವಿತ್ತು. 1896ರಲ್ಲಿ ಹಗುರ ಮೋಟಾರುಗಳಿಗೆ ವಿನಾಯಿತಿ ದೊರೆತ ಮೇಲೆ ಸುರಕ್ಷತೆಯು ಬಹುಮಟ್ಟಿಗೆ ಚಾಲಕನ ಗಮನವನ್ನೇ ನೆಚ್ಚಿ ನಿಂತಿತು.

ಆ ಏರ್ಪಾಡಿನ ಬಿರುಕು 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನಾ ರಾಜ್ಯದ ಟೆಂಪಿ ನಗರದಲ್ಲಿ ಎದ್ದು ಕಂಡಿತು. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಉಬರ್ ಸಂಸ್ಥೆಯ ಪ್ರಾಯೋಗಿಕ ಸ್ವಯಂಚಾಲಿತ ಕಾರು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಗುರುತಿಸಿತ್ತಾದರೂ, ಒಮ್ಮೆ ವಾಹನವೆಂದೂ ಒಮ್ಮೆ ಅಪರಿಚಿತ ವಸ್ತುವೆಂದೂ ಮತ್ತೊಮ್ಮೆ ಸೈಕಲ್ಲೆಂದೂ ಬಗೆದು, ಪ್ರತಿ ಬಾರಿಯೂ ಆಕೆ ಸಾಗಿಬಂದ ಜಾಡನ್ನು ಕೈಬಿಟ್ಟು ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತಿತ್ತೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ತಿಳಿಸಿತು. ದಾಟುಪಟ್ಟಿಯಿಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆಂಬ ಸಾಮಾನ್ಯ ಸಂಗತಿಯನ್ನು ಆ ತಂತ್ರಾಂಶ, ಅಂದರೆ ಯಂತ್ರವನ್ನು ನಡೆಸುವ ಸೂಚನೆಗಳ ಜಾಲ, ಪರಿಗಣಿಸಿಯೇ ಇರಲಿಲ್ಲ. ಆಕೆ ಮೃತಪಟ್ಟರು. 'ಸುರಕ್ಷತಾ ಚಾಲಕಿ', ಅಂದರೆ ತುರ್ತಿನಲ್ಲಿ ಬ್ರೇಕ್ ಒತ್ತಲೆಂದು ಕೂರಿಸಿದ್ದ ಉದ್ಯೋಗಿ, 2023ರಲ್ಲಿ ತಪ್ಪೊಪ್ಪಿಕೊಂಡು, ಸೆರೆವಾಸವಿಲ್ಲದೆ ಅಧಿಕಾರಿಗಳ ನಿಗಾದಲ್ಲಿ ಮೂರು ವರ್ಷ ಕಳೆಯುವ ಪ್ರೊಬೇಷನ್ ಶಿಕ್ಷೆಗೆ ಗುರಿಯಾದರೆ, ಸಂಸ್ಥೆಯ ಮೇಲೆ ಕ್ರಿಮಿನಲ್ ಮೊಕದ್ದಮೆಯನ್ನೇ ಹೂಡಲಿಲ್ಲ. ಈ ಹಂಚಿಕೆಯನ್ನು ನ್ಯಾಯವೆನ್ನುವುದು ಕಷ್ಟ.

ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನ ಕಾಯ್ದೆಯು, ಕಾರು ತಾನೇ ಓಡುತ್ತಿರುವಾಗ ಅದರ ಓಟದ ಹೊಣೆಯನ್ನು ಒಳಗೆ ಕುಳಿತವರ ಮೇಲಿಂದ ತೆಗೆದು, ಅನುಮತಿ ಪಡೆದ ಸಂಸ್ಥೆಯ ಮೇಲೆ ಹೊರಿಸಿದೆ.