ಬಾಗಿಲ ಹೊಟ್ಟೆಯೊಳಗಿನ ಹಾಳಿ

ಜನವಾಡದ ನಮ್ಮ ಗ್ಯಾರೇಜಿಗೆ ಬಂದ ಕಾರಿನ ಡೋರ್ ಪ್ಯಾಡ್ ಬಿಚ್ಚಿದರೆ, ಆ ಗಾಡಿ ಎಲ್ಲೆಲ್ಲಿ ತಿರುಗಾಡಿದೆ ಎಂಬುದನ್ನು ಬಾಗಿಲ ತಳದ ಮಣ್ಣೇ ಹೇಳುತ್ತದೆ. ಬೀದರಿನ ಧೂಳು ಕೆಂಪು, ಔರಾದ ಕಡೆಯ ಹೊಲದ ದಾರಿಯದು ಕರಿ ಎರೆ. ಎರಡೂ ಕಲೆತು ಒಣಗಿದರೆ ನೀರು ಹೋಗುವ ತೂತು ಗಟ್ಟಿಯಾಗಿ ಮುಚ್ಚಿಬಿಡುತ್ತದೆ.

ಬಾಗಿಲೊಳಗೆ ನೀರು ಬರಲೇಬಾರದು ಎಂದು ಬಹಳ ಜನ ತಿಳಿದಿದ್ದಾರೆ. ಬರುತ್ತದೆ. ಗಾಜು ಮೇಲೆ ಕೆಳಗೆ ಆಡಬೇಕಲ್ಲ. ಬೀಡಿಂಗ್ ಎಷ್ಟೇ ಹೊಸದಿದ್ದರೂ ಮಳೆನೀರು ಗಾಜಿನ ಗುಂಟ ಇಳಿಯುತ್ತದೆ. ತಳದ ತೂತುಗಳಿರುವುದೇ ಅದಕ್ಕೆ. ಒಳಪತ್ರಾಕ್ಕೆ ಅಂಟಿಸಿದ ತೆಳ್ಳನೆಯ ಹಾಳಿ ಆ ನೀರು ಪ್ಯಾಡಿಗೂ ಕಾಲಡಿಯ ಮ್ಯಾಟಿಗೂ ಬಾರದಂತೆ ತಡೆಯುತ್ತದೆ.

ನನ್ನ ಉಸ್ತಾದರು ಕೆಲಸ ಕಲಿತದ್ದು ಅಂಬಾಸಡರ್ ಮೇಲೆ. ಉತ್ತರಪಾರಾದ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ತಯಾರಾದ ಗಾಡಿ ಅದು. ಆ ಕಾಲದ ಕಾರುಗಳ ಪ್ಯಾಡ್ ಎಂದರೆ ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡು. ಅದರ ಹಿಂದೆ ಡಾಂಬರೋ ಮೇಣವೋ ಸವರಿದ ಕಾಗದ. ಗ್ಲಾಸ್ ಮಷೀನ್ ಕೆಟ್ಟಾಗಲೆಲ್ಲ ಆ ಕಾಗದ ಹರಿಯುತ್ತಿತ್ತು, ಮರಳಿ ಹಾಕುವವರು ಕಡಿಮೆ. ಒಂದೆರಡು ಮಳೆಗಾಲಕ್ಕೆ ಬೋರ್ಡು ಉಬ್ಬಿ, ಕ್ಲಿಪ್ಪು ಕಳಚಿ, ಪತ್ರಾ ಜಂಗು ಹಿಡಿಯುತ್ತಿತ್ತು. ಹೊಸ ಕಾಗದಕ್ಕಾಗಿ ಹೈದರಾಬಾದಿಗೆ ಹೋಗುವವರು ಯಾರು? ಉಸ್ತಾದರು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೆಗೆದು, ಚೆನ್ನಾಗಿ ತೊಳೆದು, ಅಳತೆಗೆ ಕತ್ತರಿಸಿ ಹಾಕುತ್ತಿದ್ದರು. ತೊಳೆಯದಿದ್ದರೆ ಗೊಬ್ಬರದ ಉಪ್ಪೇ ಪತ್ರಾ ತಿನ್ನುತ್ತದೆ. ಪಾಲಿಥಿನ್ ಸಿಕ್ಕಿದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರ ಪ್ರಯೋಗದಲ್ಲಿ. ಅದು ನಮ್ಮ ಗ್ಯಾರೇಜನ್ನು ಹೊಕ್ಕಿದ್ದು ತೊಗರಿ ಹೊಲದ ಬದುವಿನಿಂದ. ಆ ಬುದ್ಧಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಮಾರುತಿ 800ರ ಮೊದಲ ಕಾರು 1983ರ ಡಿಸೆಂಬರ್ 14ರಂದು ಗಿರಾಕಿಯ ಕೈ ಸೇರಿತು. ಆಮೇಲೆ ನಮ್ಮ ಮುಂದೆ ಬಂದ ಗಾಡಿಗಳಲ್ಲಿ ಪ್ಲಾಸ್ಟಿಕ್ ಹಾಳಿ, ಸುತ್ತಲೂ ಕರಿ ಅಂಟು. ಬ್ಯೂಟೈಲ್ ಎಂಬ ಈ ರಬ್ಬರನ್ನು 1937ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದರು. ವರ್ಷಗಟ್ಟಲೆ ಒಣಗದು, ಜಿಗುಟು ಬಿಡದು. ಎಳೆದರೆ ಹಾಳಿ ಹರಿಯುತ್ತದೆ; ಸ್ವಲ್ಪ ಬಿಸಿ ತೋರಿಸಿ ಬ್ಲೇಡಿನಿಂದ ಬಿಡಿಸಿಕೊಂಡರೆ ಅದನ್ನೇ ಮರಳಿ ಹಾಕಬಹುದು.

ಹೊಸದು ಹಾಕುವಾಗ ಹಳೆಯದನ್ನೇ ಅಳತೆಗಿಟ್ಟು ಕತ್ತರಿಸುತ್ತೇನೆ. ಮೊದಲು ತಂತಿ ಹಾಕಿ ತೂತಿನ ಮಣ್ಣು ತೆಗೆಯಬೇಕು. ಹಳೆ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿ ಪತ್ರಾ ಒಣಗಿಸಬೇಕು. ಆಮೇಲೆ ನಡುವೆ ಎಲ್ಲೂ ಕಡಿಯದಂತೆ ಬ್ಯೂಟೈಲ್ ಪಟ್ಟಿ. ಹುಳಿ ವಾಸನೆಯ ಸಿಲಿಕಾನ್ ಬೇಡವೇ ಬೇಡ, ಅದರ ಆಮ್ಲ ಪತ್ರಾವನ್ನೇ ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ ಹಾಳಿಯ ಕೆಳಗಿನ ಅಂಚು: ಅದನ್ನು ಪತ್ರಾದ ಸಂದಿಯಲ್ಲಿ ಬಾಗಿಲ ಒಳಕ್ಕೆ ತೂರಿಸಬೇಕು. ಹೊರಗೆ ಬಿಟ್ಟರೆ ಹಾಳಿಯ ಮೇಲೆ ಹರಿದ ನೀರು ನೇರ ಪ್ಯಾಡಿಗೇ ಬರುತ್ತದೆ. ಹುಡುಗರು ಇಲ್ಲಿಯೇ ಅವಸರ ಮಾಡುತ್ತಾರೆ. ಪ್ಯಾಡ್ ಕೂಡಿಸುವ ಮೊದಲು ಗಾಜಿನ ಮೇಲೆ ಒಂದು ಬಕೆಟ್ ನೀರು ಸುರುವಿ ನೋಡು ಎಂದು ಅವರಿಗೆ ಹೇಳುತ್ತಲೇ ಇರುತ್ತೇನೆ.

ಈಗಿನ ಕೆಲವು ಕಾರುಗಳಲ್ಲಿ ಪಕ್ಕದಿಂದ ಗುದ್ದಿದರೆ ಬಾಗಿಲೊಳಗಿನ ಗಾಳಿಯ ಒತ್ತಡ ಏರುವುದನ್ನು ಗುರುತಿಸಿ ಏರ್‌ಬ್ಯಾಗ್ ಬಿಚ್ಚಿಸುವ ಸೆನ್ಸರ್ ಇರುತ್ತದೆ. ಹಾಳಿ ಹರಿದಿದ್ದರೆ ಗಾಳಿ ಸೋರಿ ಆ ಅಳತೆಯೇ ತಪ್ಪಬಹುದು. ಹಾಗಾಗಿ ಅಂಥ ಗಾಡಿಗೆ ಚೀಲದ ಪ್ಲಾಸ್ಟಿಕ್ ಹಾಕುವುದಿಲ್ಲ. ಕಂಪನಿಯ ಹಾಳಿಯನ್ನೇ ತರಿಸುತ್ತೇನೆ. ಅದು ಬರುವತನಕ ಗಾಡಿ ನಿಲ್ಲಬೇಕಾದರೆ ನಿಲ್ಲಲಿ.