ಬ್ರೌಸರ್ ಒಂದಿದ್ದರೆ ಸಾಕಾದ ಕಂಪ್ಯೂಟರುಗಳು

ಗ್ರಂಥಾಲಯ, ವಿಮಾನ ನಿಲ್ದಾಣಗಳಲ್ಲಿ ಸಾರ್ವಜನಿಕರ ಬಳಕೆಗೆಂದು ಇಟ್ಟ ಕಂಪ್ಯೂಟರಿಗೆ ಮುಖ್ಯವಾಗಿ ಬೇಕಾದದ್ದು ಒಂದು ಬ್ರೌಸರ್. ಅಷ್ಟಕ್ಕೆ ಭಾರೀ ಗಾತ್ರದ ಆಪರೇಟಿಂಗ್ ಸಿಸ್ಟಮ್ ಬೇಕಿಲ್ಲವೆಂದು 1990ರ ದಶಕದ ಕೊನೆಯಲ್ಲಿ ಕೆನಡಾದ ಕ್ಯೂಎನ್‌ಎಕ್ಸ್ ಕಂಪನಿ ತೋರಿಸಿಕೊಟ್ಟಿತು. 1.44 ಎಂಬಿಯ ಒಂದೇ ಫ್ಲಾಪಿಯಲ್ಲಿ ಸಿಸ್ಟಮ್ಮಿನ ತಿರುಳಾದ ಕರ್ನಲ್, ಚಿತ್ರರೂಪದ ಪರದೆ, ಬ್ರೌಸರ್ ಎಲ್ಲವೂ ಅಡಕವಾಗಿದ್ದವು. ಅದು ಬರೀ ಪ್ರಾತ್ಯಕ್ಷಿಕೆ, ನಿಜ. ಆದರೆ ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಎಷ್ಟೋ ಸಲ ಅದರಲ್ಲಿ ಹಿಡಿಸದು.

2000ನೇ ಇಸವಿಯಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಹಾರ್ಡ್‌ಡಿಸ್ಕಿನ ಹಂಗಿಲ್ಲದೆ ಸಿ.ಡಿ.ಯಿಂದಲೇ ಚಾಲೂ ಆಗುತ್ತಿತ್ತು. ಕಿಯಾಸ್ಕ್‌ಗಳಿಗೆ, ಅಂದರೆ ಇಂಥ ಸಾರ್ವಜನಿಕ ಕಂಪ್ಯೂಟರುಗಳಿಗೆ, ಒದಗಿ ಬಂದದ್ದು ಸಣ್ಣ ಗಾತ್ರಕ್ಕಿಂತ ಹೆಚ್ಚಾಗಿ ಈ ಗುಣವೇ. ಮೂಲ ಕಡತಗಳನ್ನು ಓದಬಹುದು, ತಿದ್ದಲಾಗದು. ಬಳಕೆದಾರರು ಮಾಡಿದ್ದೆಲ್ಲ ರ‍್ಯಾಮ್‌ನಲ್ಲಿ ಉಳಿಯುತ್ತದೆ. ಯಂತ್ರವನ್ನು ರೀಬೂಟ್ ಮಾಡಿದರೆ ಹಿಂದಿನವರ ಪಾಸ್‌ವರ್ಡ್, ಕುಕಿಗಳೆಲ್ಲ ಅಳಿಸಿಹೋಗುತ್ತವೆ.

ಲಿನಕ್ಸ್‌ನ ಡೆಬಿಯನ್ ಆವೃತ್ತಿಯನ್ನು ಆಧರಿಸಿದ ವೆಬ್‌ಕನ್ವರ್ಜರ್ ಎಂಬ ಕಿಯಾಸ್ಕ್ ಸಿಸ್ಟಮ್ ಈ ತತ್ತ್ವಕ್ಕೆ ಫೈರ್‌ಫಾಕ್ಸ್ ಬ್ರೌಸರನ್ನು ಜೋಡಿಸಿತು. ಇನ್ನೊಂದು ಲಿನಕ್ಸ್ ಆವೃತ್ತಿಯಾದ ಸ್ಲ್ಯಾಕ್‌ವೇರ್ ಮೂಲದ ಪೋರ್ಟಿಯಸ್ ಕಿಯಾಸ್ಕ್ ಮುಂದೆ ಜೆಂಟೂ ಲಿನಕ್ಸ್ ಬುಡಕ್ಕೆ ಬದಲಾಯಿತು. ಬ್ರೌಸರನ್ನೇ ಕೇಂದ್ರವಾಗಿಟ್ಟ ಕ್ರೋಮ್ ಓಎಸ್ ಅನ್ನು ಗೂಗಲ್ 2009ರಲ್ಲಿ ಘೋಷಿಸಿತು. 2019ರ ಡಿಸೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 71ರಲ್ಲಿ ಕಿಯಾಸ್ಕ್ ಮೋಡ್ ಬ್ರೌಸರಿನೊಳಗೇ ಸೇರಿತು. ಅದು ಪರದೆಯನ್ನು ತುಂಬಿಸಬಲ್ಲದೇ ಹೊರತು ಕೆಳಗಿನ ಸಿಸ್ಟಮ್ ಅನ್ನು ಕಾಯಲಾರದು.